ಯಾವುದೇ ಪದವಿ

ಸರ್ಕಾರದ ನೇಮಕಾತಿ ಪ್ರಕಟಣೆಗಳನ್ನು ಓದುವ ಅಭ್ಯಾಸವುಳ್ಳವರಿಗೆ ಒಂದು ಮಾತು ಚಿರಪರಿಚಿತ. ವಿದ್ಯಾರ್ಹತೆಯೆಂಬ ಅಂಕಣದಲ್ಲಿ, ಅಂಗೀಕೃತ ವಿಶ್ವವಿದ್ಯಾಲಯದ ಯಾವುದೇ ಪದವಿಯನ್ನು ಹೊಂದಿರತಕ್ಕದ್ದು ಎಂದು ಬರೆದಿರುತ್ತದೆ. ಇಂಜಿನಿಯರ ಹುದ್ದೆಗೆ ಇಂಜಿನಿಯರೇ ಬೇಕು, ಪಶುವೈದ್ಯರ ಹುದ್ದೆಗೆ ಪಶುವೈದ್ಯರೇ ಬೇಕು. ಆದರೆ ತಹಶೀಲ್ದಾರನಾಗಲು, ಅಸಿಸ್ಟೆಂಟ್ ಕಮಿಷನರಾಗಲು, ವಾಣಿಜ್ಯ ತೆರಿಗೆಯ ಅಧಿಕಾರಿಯಾಗಲು, ಇವಾವುವೂ ಕೈಗೆಟುಕವೆಂದರೆ ಯಾವುದಾದರೊಂದು ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕನಾಗಿ ಕುಳಿತು ಕಡತ ಕಟ್ಟಲು, ಯಾವುದೇ ಪದವಿ ಸಾಕು.

ಬಿ.ಎ. ತರಗತಿಯವರಾದ ನಮಗೆ ಈ ಒಂದು ವಿಶೇಷಣ ಕೊಡುವಷ್ಟು ಸಮಾಧಾನವನ್ನು ಮತ್ತಾವುದೂ ಕೊಡಲಾರದು. ನೆಂಟರಿಷ್ಟರು ಮದುವೆಮನೆಗಳಲ್ಲಿ ಸಿಕ್ಕಾಗ, “ಏನಪ್ಪಾ ಓದ್ತಿರೋದು?” ಎಂದು ಕೇಳಿ, ಉತ್ತರ ಬಂದಮೇಲೆ “ಓ, ಬರೀ ಬಿ.ಎ.ನಾ” ಎಂದು ಮುಂದಿನ ಎಲೆಯ ಕಡೆಗೆ ತಿರುಗುತ್ತಾರೆ. ಅವರ ಬಾಯಲ್ಲಿ ‘ಬರೀ’ ಆದದ್ದು ಸರ್ಕಾರದ ಬಾಯಲ್ಲಿ ‘ಯಾವುದೇ’ ಆಗುತ್ತದೆ. ಇದು ಸಾಮಾನ್ಯವಾದ ಬಡ್ತಿಯಲ್ಲ! ಕೊನೆಯ ವರ್ಷದ ನಮ್ಮ ತರಗತಿಯಲ್ಲಿ, ಪರೀಕ್ಷೆ ಮುಗಿದ ಮೇಲೆ ಏನು ಮಾಡುವೆಯೆಂದು ಯಾರನ್ನೇ ಕೇಳಿ ನೋಡಿ. ಹತ್ತರಲ್ಲಿ ಏಳು ಮಂದಿ “ಕಾಂಪಿಟೇಟಿವ್‌ಗೆ ಓದ್ತೀನಿ” ಎನ್ನುತ್ತಾರೆ. ಉಳಿದ ಮೂವರು ಬಿ.ಎಡ್. ಎನ್ನುತ್ತಾರೆ, ಆಮೇಲೆ ತಗ್ಗಿದ ದನಿಯಲ್ಲಿ “ಜೊತೆಗೆ ಕಾಂಪಿಟೇಟಿವ್ ಕೂಡ” ಎಂದು ಸೇರಿಸುತ್ತಾರೆ.

ಬಾಗಿಲು ಅಗಲವಾಗಿದ್ದರೆ ಒಳಗೆ ಹೋಗುವುದು ಸುಲಭವೆಂದು ಮೇಲ್ನೋಟಕ್ಕೆ ತೋರುತ್ತದೆ. ನಿಜಸ್ಥಿತಿ ಅದಕ್ಕೆ ತೀರ ವಿರುದ್ಧ. 2024ರಲ್ಲಿ ಕರ್ನಾಟಕ ಲೋಕಸೇವಾ ಆಯೋಗವು ಗೆಜೆಟೆಡ್ ಪ್ರೊಬೇಷನರುಗಳ 384 ಹುದ್ದೆಗಳಿಗೆ ಅರ್ಜಿ ಕರೆದಾಗ ಬಂದ ಉಮೇದುವಾರರು ಎರಡು ಲಕ್ಷಕ್ಕೂ ಹೆಚ್ಚು. ಒಂದು ಕುರ್ಚಿಗೆ ಐನೂರಕ್ಕೂ ಮೀರಿದ ಜನ. ಬಾಗಿಲು ಕಿರಿದಾಗಿದ್ದರೆ ಎಷ್ಟೋ ಮಂದಿ ಹೊರಗಿನಿಂದಲೇ ನೋಡಿ ಬೇರೆ ದಾರಿ ಹಿಡಿಯುತ್ತಿದ್ದರು. ಅಗಲವಾಗಿರುವುದರಿಂದಲೇ ಅದರ ಮುಂದೆ ನಾವು ವರ್ಷಗಟ್ಟಲೆ ನಿಂತಿರುತ್ತೇವೆ.

ಎಷ್ಟು ವರ್ಷ ನಿಲ್ಲಬಹುದು? ಇದಕ್ಕೂ ಪ್ರಕಟಣೆಯಲ್ಲಿ ಅಂಕಣವಿದೆ. ನಮ್ಮ ರಾಜ್ಯದ ನೇಮಕಾತಿ ನಿಯಮಗಳಲ್ಲಿ ಬಹುಕಾಲದಿಂದ ಬಂದ ಲೆಕ್ಕ ಇದು: ಸಾಮಾನ್ಯ ವರ್ಗಕ್ಕೆ 35 ವರ್ಷ, ಹಿಂದುಳಿದ ವರ್ಗಗಳ 2ಎ, 2ಬಿ, 3ಎ, 3ಬಿ ಪ್ರವರ್ಗದವರಿಗೆ 38, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಪ್ರವರ್ಗ 1ರವರಿಗೆ 40. ಕೇಂದ್ರದ ಸಿವಿಲ್ ಸರ್ವೀಸಸ್ ಪರೀಕ್ಷೆಯಲ್ಲಿ ಸಾಮಾನ್ಯ ವರ್ಗಕ್ಕೆ 32 ವರ್ಷ, ಆರು ಪ್ರಯತ್ನ. ಪೊಲೀಸ್ ಇಲಾಖೆಯ ಹುದ್ದೆಗಳಿಗೆ ಮಿತಿ ಇನ್ನೂ ಕಡಿಮೆ. ಅಲ್ಲಿ ಓದಿನ ಜೊತೆಗೆ ಓಟವೂ ಬೇಕಲ್ಲವೆ. ವಯಸ್ಸನ್ನು ಎಣಿಸುವುದು ಯಾವ ದಿನಕ್ಕೆ ಎಂಬುದೂ ಗೊತ್ತಿರಬೇಕಾದ ವಿಷಯ. ರಾಜ್ಯದ ಆಯೋಗ ಸಾಮಾನ್ಯವಾಗಿ ಅರ್ಜಿ ಸಲ್ಲಿಸುವ ಕಡೆಯ ದಿನಾಂಕಕ್ಕೆ ಎಣಿಸುತ್ತದೆ. ಕೇಂದ್ರದ ಸಿವಿಲ್ ಸರ್ವೀಸಸ್‌ನಲ್ಲಿ ಆ ವರ್ಷದ ಆಗಸ್ಟ್ 1ನೆಯ ತಾರೀಖಿಗೆ. ಒಂದು ದಿನ ಹೆಚ್ಚಾದರೂ ಹೆಚ್ಚೇ.

ಈ ವಯಸ್ಸಿನ ಜಗಳ ಪರೀಕ್ಷೆಗಳಷ್ಟೇ ಹಳೆಯದು. ಇಂಡಿಯನ್ ಸಿವಿಲ್ ಸರ್ವಿಸಿಗೆ ಸ್ಪರ್ಧೆಯ ಮೂಲಕ ಆಯ್ಕೆ ಮಾಡುವ ಪದ್ಧತಿ ಲಂಡನ್ನಿನಲ್ಲಿ 1855ರಲ್ಲಿ ಮೊದಲಾಯಿತು. ಸತ್ಯೇಂದ್ರನಾಥ ಠಾಕೂರರು 1863ರಲ್ಲಿ ಅದರಲ್ಲಿ ಗೆದ್ದ ಮೊದಲ ಭಾರತೀಯರಾದರು. ಆಮೇಲೆ 1869ರಲ್ಲಿ ತೇರ್ಗಡೆಯಾದವರಲ್ಲಿ ಸುರೇಂದ್ರನಾಥ ಬ್ಯಾನರ್ಜಿಯವರೂ ಒಬ್ಬರು. ಆಗಿನ ಮಿತಿ 21. ಅವರ ವಯಸ್ಸು ಮೀರಿದೆಯೆಂದು ಅಧಿಕಾರಿಗಳು ಹೆಸರನ್ನೇ ತೆಗೆದುಹಾಕಿದರು. ನಮ್ಮ ದೇಶದಲ್ಲಿ ವಯಸ್ಸನ್ನು ಎಣಿಸುವ ಕ್ರಮವೇ ಬೇರೆ, ನಿಮ್ಮದೇ ಬೇರೆ ಎಂದು ಅವರು ನ್ಯಾಯಾಲಯಕ್ಕೆ ಹೋಗಿ ವಾದಿಸಿ, ಗೆದ್ದು, ಸೇವೆಗೆ ಸೇರಿದರು. ಮುಂದೆ ಆ ಮಿತಿಯನ್ನು 19ಕ್ಕೆ ಇಳಿಸಲು ಹೊರಟಾಗ, 1877ರಲ್ಲಿ, ಇದೇ ಸುರೇಂದ್ರನಾಥರು ಊರಿಂದೂರಿಗೆ ತಿರುಗಿ ಅದರ ವಿರುದ್ಧ ಭಾಷಣ ಮಾಡಿದರು. ಹತ್ತೊಂಬತ್ತು ತುಂಬುವುದರೊಳಗೆ ಇಲ್ಲಿಂದ ಸಮುದ್ರ ದಾಟಿ, ಅವರ ಭಾಷೆಯಲ್ಲಿ ಅವರ ಮಕ್ಕಳೊಡನೆ ಸ್ಪರ್ಧಿಸಬೇಕೆಂದರೆ ಅದು ಬಾಗಿಲು ಮುಚ್ಚುವ ಇನ್ನೊಂದು ಬಗೆಯೇ ಸರಿ. ಆ ಪರೀಕ್ಷೆಯನ್ನು ಭಾರತದಲ್ಲಿಯೂ ನಡೆಸಿದ್ದು 1922ರಲ್ಲಿ, ಅಲಹಾಬಾದಿನಲ್ಲಿ.

ಮೈಸೂರು ಸಂಸ್ಥಾನದವರು ಅಷ್ಟು ಕಾಯಲಿಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿಯೇ ಇಲ್ಲಿ ಮೈಸೂರು ಸಿವಿಲ್ ಸರ್ವಿಸಿಗೆ ಸ್ಪರ್ಧಾ ಪರೀಕ್ಷೆ ಏರ್ಪಟ್ಟಿತು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಆ ಸರ್ವಿಸಿನವರು. 1943ರಲ್ಲಿ ರಾಜೀನಾಮೆ ಕೊಟ್ಟು ಹೊರಬಂದರು. ಸಣ್ಣಕತೆಗಳನ್ನು ಓದಿದ ನಾವೆಲ್ಲ ಈ ಸಂಗತಿಯನ್ನು ಮರೆತಿರುತ್ತೇವೆ. ಜಿಲ್ಲೆಗಳ ಜಮಾಬಂದಿ ನೋಡಿಕೊಂಡು ಊರೂರು ತಿರುಗಿದ ಅಧಿಕಾರಿಗೆ ಕತೆಗಳು ಸಿಕ್ಕಿದ್ದರಲ್ಲಿ ಆಶ್ಚರ್ಯವೇನು? ಈಗಿನ ಆಯೋಗ 1951ರಲ್ಲಿ ಸ್ಥಾಪನೆಯಾದದ್ದು, ಸಂವಿಧಾನದ 315ನೆಯ ವಿಧಿಯ ಆಧಾರದ ಮೇಲೆ. ಇಷ್ಟು ಇತಿಹಾಸವನ್ನು ಬರೆದದ್ದು ಪಾಂಡಿತ್ಯ ಪ್ರದರ್ಶನಕ್ಕಲ್ಲ. ನಮ್ಮ ಮನೆಯಲ್ಲಿಯೂ ಒಬ್ಬ ಸುರೇಂದ್ರನಾಥರಿದ್ದಾರೆ ಎಂದು ಹೇಳುವುದಕ್ಕೆ.

ಅವರು ನನ್ನ ದೊಡ್ಡಪ್ಪನ ಮಗ. ನಾವೆಲ್ಲ ಅಣ್ಣ ಎನ್ನುತ್ತೇವೆ. ನಮ್ಮ ಅಜ್ಜಿಯ ಪ್ರಕಾರ ಅಣ್ಣ ಹುಟ್ಟಿದ್ದು 1987ರ ಮಹಾಲಯ ಅಮಾವಾಸ್ಯೆಯ ದಿನ, ಹಿರಿಯರಿಗೆ ಎಡೆ ಇಡುತ್ತಿದ್ದ ಹೊತ್ತಿನಲ್ಲಿ. ಅಂದರೆ ಸೆಪ್ಟೆಂಬರ್ ತಿಂಗಳ ಕೊನೆಯ ಭಾಗ. ಶಾಲೆಯ ದಾಖಲೆಯ ಪ್ರಕಾರ 1987ರ ಜೂನ್ 1. ನಡುವೆ ನಾಲ್ಕು ತಿಂಗಳಿಗೆ ಒಂದು ವಾರ ಕಡಿಮೆ. 1993ರಲ್ಲಿ ದೊಡ್ಡಪ್ಪ ಕೈಹಿಡಿದು ಕರೆದುಕೊಂಡು ಹೋದಾಗ, ಆರು ತುಂಬಿಲ್ಲವೆಂದು ಮೇಷ್ಟ್ರು ಮೊದಲು ಒಪ್ಪಲಿಲ್ಲವಂತೆ. ಆಮೇಲೆ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟು ಎಂದರಂತೆ. ಅಣ್ಣ ಉದ್ದಕೈಯವರು, ಮುಟ್ಟಿದರು. “ಆರು ಆಗಿದೆ ಬಿಡಿ” ಎಂದು ಮೇಷ್ಟ್ರು ಜೂನ್ 1 ಎಂದು ಬರೆದುಕೊಂಡರು. ಆ ತರಗತಿಯ ಅರ್ಧಕ್ಕರ್ಧ ಮಕ್ಕಳು ಜೂನ್ 1ರಂದೇ ಹುಟ್ಟಿದವರು. ಹಳ್ಳಿಯಿಂದ ಬಂದ ಓದುಗರು ತಮ್ಮ ಮನೆಯ ಹಿರಿಯರ ಅಂಕಪಟ್ಟಿಗಳನ್ನು ತೆಗೆದು ನೋಡಿದರೆ ಇದನ್ನು ಉತ್ಪ್ರೇಕ್ಷೆಯೆನ್ನಲಾರರು.

ಒಂದನೆಯ ತರಗತಿಗೆ ಅರ್ಹನಾಗಲೆಂದು ಮೇಷ್ಟ್ರು ಉದಾರವಾಗಿ ಕೊಟ್ಟ ಆ ನಾಲ್ಕು ತಿಂಗಳು ಮೂವತ್ತೆಂಟನೆಯ ವಯಸ್ಸಿನಲ್ಲಿ ಅಣ್ಣನಿಂದ ವಾಪಸು ವಸೂಲಾಗಬೇಕಾಗಿತ್ತು. ನಮ್ಮದು 38ರ ಪ್ರವರ್ಗ.

ಅಣ್ಣ ಓದಿದ್ದು ನಮ್ಮ ಹಾಗೆಯೇ ಬಿ.ಎ.; ಇತಿಹಾಸ, ಅರ್ಥಶಾಸ್ತ್ರ, ಕನ್ನಡ. ಪದವಿ ಮುಗಿದೊಡನೆ ಬೆಂಗಳೂರಿನ ವಿಜಯನಗರಕ್ಕೆ ಹೋದರು. ವಿಜಯನಗರವೆಂದರೆ ನಮ್ಮ ಇತಿಹಾಸದ ಅಧ್ಯಾಪಕರಿಗೆ ಹಂಪೆ ನೆನಪಾಗಬಹುದು. ಉಮೇದುವಾರರಿಗೆ ನೆನಪಾಗುವುದು ಕೋಚಿಂಗ್ ಕೇಂದ್ರಗಳು, ಜೆರಾಕ್ಸ್ ಅಂಗಡಿಗಳು, ಒಂದು ಕೋಣೆಯಲ್ಲಿ ನಾಲ್ಕು ಮಂಚಗಳು, ಕುರ್ಚಿಯೊಂದಕ್ಕೆ ತಿಂಗಳ ಬಾಡಿಗೆ ತೆಗೆದುಕೊಳ್ಳುವ ಓದುವ ಕೊಠಡಿಗಳು. ಉತ್ತರದ ಕಡೆಯವರಿಗೆ ಧಾರವಾಡದ ಸಪ್ತಾಪುರ ಇದ್ದ ಹಾಗೆ ಇದು. ಅಲ್ಲಿ ಎರಡು ವರ್ಷ. ಖರ್ಚಿಗೆ ಊರಿನಿಂದ ಹೋಗುತ್ತಿದ್ದದ್ದು ಹಾಲಿನ ಡೈರಿಯ ಬಟವಾಡೆ. ಹದಿನೈದು ದಿನಕ್ಕೊಮ್ಮೆ ಬರುವ ಆ ಹಣದಲ್ಲಿ ಹಿಂಡಿ ಬೂಸಾದ ಬಾಕಿ ಮುರಿದುಕೊಂಡು ಉಳಿದದ್ದನ್ನು ದೊಡ್ಡಮ್ಮ ಎಣಿಸಿ ಕಳಿಸುತ್ತಿದ್ದರು. ಆಮೇಲೆ ಊರಿಗೆ ಬಂದು ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕರಾಗಿ, ಸಂಜೆ ಮತ್ತು ರಾತ್ರಿ ಓದು. ಪ್ರಥಮ ದರ್ಜೆ ಸಹಾಯಕರ ಪರೀಕ್ಷೆಯಲ್ಲಿ ಒಮ್ಮೆ ಆಯ್ಕೆಪಟ್ಟಿಯ ಹೊಸ್ತಿಲ ತನಕ ಹೋದರು. ಹೊಸ್ತಿಲ ತನಕ ಹೋಗಿ ಬಂದವನ ಸ್ಥಿತಿ ಹೊಸ್ತಿಲನ್ನೇ ನೋಡದವನಿಗಿಂತ ಕಠಿಣವೆಂಬುದನ್ನು ನಾನು ಅವರನ್ನು ನೋಡಿ ತಿಳಿದೆ. ಒಂದೆರಡು ಅಂಕಗಳ ಅಂತರ ಮನುಷ್ಯನನ್ನು ಇನ್ನೂ ನಾಲ್ಕು ವರ್ಷ ಕೂರಿಸಬಲ್ಲದು.

ಓದುವ ಕ್ರಮದ ವಿಷಯದಲ್ಲಿ ಅಣ್ಣನಿಂದ ನನಗೆ ಬಂದದ್ದನ್ನು ಇಲ್ಲಿ ಹೇಳಿದರೆ ಸಹಪಾಠಿಗಳಿಗೆ ಉಪಯೋಗವಾದೀತು. ಗೆಜೆಟೆಡ್ ಪ್ರೊಬೇಷನರುಗಳ ಪೂರ್ವಭಾವಿ ಪರೀಕ್ಷೆಯಲ್ಲಿ ಎರಡು ಪತ್ರಿಕೆಗಳು. ಒಂದೊಂದಕ್ಕೆ ನೂರು ಪ್ರಶ್ನೆ, ಇನ್ನೂರು ಅಂಕ, ಎರಡು ಗಂಟೆ. ಮೊದಲನೆಯ ಪತ್ರಿಕೆಯ ನೂರು ಪ್ರಶ್ನೆಗಳಲ್ಲಿ 60 ಮಾನವಿಕ ವಿಷಯಗಳವು. ಅಂದರೆ ನಾವು ಈ ಕಟ್ಟಡದಲ್ಲಿ ಮೂರು ವರ್ಷ ಕುಳಿತು, ಕೆಲವೊಮ್ಮೆ ಆಕಳಿಸುತ್ತ, ಕೇಳಿದ ಪಾಠಗಳೇ! ಕದಂಬರು, ಶಾತವಾಹನರು, ಮೂಲಭೂತ ಹಕ್ಕುಗಳು, ಪಂಚವಾರ್ಷಿಕ ಯೋಜನೆಗಳು. ತರಗತಿಯಲ್ಲಿ ಉಚಿತವಾಗಿ ಸಿಕ್ಕಿದ್ದನ್ನು ಬಿಟ್ಟು ಅದನ್ನೇ ವಿಜಯನಗರದಲ್ಲಿ ಸಾವಿರಗಟ್ಟಲೆ ಕೊಟ್ಟು ಕೊಂಡೆ ಎಂದು ಅಣ್ಣ ನಗುತ್ತಾರೆ. ಎರಡನೆಯ ಪತ್ರಿಕೆಯಲ್ಲಿ ರಾಜ್ಯದ ವಿಚಾರಗಳು 40, ವಿಜ್ಞಾನ ಮತ್ತು ಪರಿಸರ 30, ಸಾಮಾನ್ಯ ಬುದ್ಧಿಶಕ್ತಿ 30. ನಾವು ಎಡವುವುದು ಈ ಕಡೆಯ ಮೂವತ್ತರಲ್ಲಿ. ಲೆಕ್ಕಕ್ಕೆ ಹೆದರಿ ಪಿ.ಯು.ಸಿ.ಯಲ್ಲಿ ಕಲಾವಿಭಾಗ ಸೇರಿದವನನ್ನು ಲೆಕ್ಕ ಅಲ್ಲಿ ಕುರ್ಚಿ ಹಾಕಿಕೊಂಡು ಕಾದಿರುತ್ತದೆ. ಅದು ಎಸ್.ಎಸ್.ಎಲ್.ಸಿ. ಮಟ್ಟದ ಲೆಕ್ಕವೇ, ದಿನಕ್ಕೆ ಅರ್ಧ ಗಂಟೆ ಪೆನ್ಸಿಲು ಹಿಡಿದರೆ ಆರು ತಿಂಗಳಲ್ಲಿ ಭಯ ಹೋಗುತ್ತದೆ. ತಪ್ಪುತ್ತರಕ್ಕೆ ಆ ಪ್ರಶ್ನೆಯ ಅಂಕದ ಕಾಲುಭಾಗ ಕಳೆಯುತ್ತಾರೆ. ನಾಲ್ಕು ತಪ್ಪಾದರೆ ಒಂದು ಸರಿಯುತ್ತರ ನೀರುಪಾಲು. ಆದ್ದರಿಂದ ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಬಿಡುವುದೂ ಒಂದು ವಿದ್ಯೆ. ನಮ್ಮ ಕಾಲೇಜಿನ ಪರೀಕ್ಷೆಗಳಲ್ಲಿ ಈ ವಿದ್ಯೆಯನ್ನು ಯಾರೂ ಕಲಿಸುವುದಿಲ್ಲ. ಇಲ್ಲಿ ಗೊತ್ತಿಲ್ಲದ್ದನ್ನೇ ಎರಡು ಪುಟ ಬರೆಯುತ್ತೇವೆ.

ಪ್ರಚಲಿತ ವಿದ್ಯಮಾನಗಳ ಬಗ್ಗೆ ಅಣ್ಣನ ಅಭಿಪ್ರಾಯ ಕಟುವಾದದ್ದು. ಅದು ಸೊಪ್ಪಿದ್ದ ಹಾಗೆ, ಅವತ್ತಿನದು ಅವತ್ತಿಗೆ. ಅವರ ಅಟ್ಟದಲ್ಲಿ ಹಳೆಯ ಮಾಸಿಕ ಸಂಚಿಕೆಗಳ ಎರಡು ಚೀಲಗಳಿದ್ದುವು. ಯಾವ ಕ್ರೀಡಾಕೂಟದಲ್ಲಿ ಯಾರಿಗೆ ಪದಕ, ಯಾವ ಸಮಿತಿಗೆ ಯಾರು ಅಧ್ಯಕ್ಷರು. ಒಂದು ವರ್ಷ ಪರೀಕ್ಷೆ ಮುಂದೆ ಹೋದರೆ ಒಂದು ಚೀಲ ಓದು ಹಾಳು. ಸಂವಿಧಾನ, ಭೂಗೋಳ, ಶಾಲೆಯ ಪಠ್ಯಪುಸ್ತಕಗಳು, ರಾಜ್ಯದ ಆರ್ಥಿಕ ಸಮೀಕ್ಷೆ, ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳು, ಇವು ಧಾನ್ಯ, ಕೂಡಿಟ್ಟರೆ ಕೆಡುವುದಿಲ್ಲ. ಇವುಗಳಲ್ಲಿ ಬಹುಪಾಲು ನಮ್ಮ ಕಾಲೇಜಿನ ಪುಸ್ತಕಭಂಡಾರದಲ್ಲಿಯೇ ಇವೆ. ಎರಡನೆಯ ಬೀರುವಿನ ಕೆಳಗಿನ ತಟ್ಟೆಯನ್ನು ಬಗ್ಗಿ ನೋಡಬೇಕು, ಅಷ್ಟೆ.

ಕನ್ನಡದಲ್ಲಿ ಬರೆಯುವವರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. 2024ರ ಆಗಸ್ಟ್ 27ರಂದು ಆ 384 ಹುದ್ದೆಗಳ ಪೂರ್ವಭಾವಿ ಪರೀಕ್ಷೆ ನಡೆದಾಗ, ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಿದ ಭಾಷಾಂತರದಲ್ಲಿ ತಪ್ಪುಗಳಿದ್ದುವೆಂದು ದೊಡ್ಡ ಗದ್ದಲವಾಯಿತು. ಸರ್ಕಾರ ಮರುಪರೀಕ್ಷೆಗೆ ಹೇಳಿ, ಅದು ಡಿಸೆಂಬರ್ 29ರಂದು ನಡೆಯಿತು. ಕನ್ನಡನಾಡಿನ ಅಧಿಕಾರಿಗಳನ್ನು ಆರಿಸುವ ಪರೀಕ್ಷೆಯ ಪ್ರಶ್ನೆಗಳು ಕನ್ನಡದಲ್ಲಿಯೇ ಹುಟ್ಟಬಾರದೇಕೆ ಎಂದು ನಮ್ಮ ಕನ್ನಡ ವಿಭಾಗದವರು ಅಂದು ಕೇಳಿದ ಪ್ರಶ್ನೆಗೆ ನನಗೆ ಈಗಲೂ ಉತ್ತರ ಹೊಳೆದಿಲ್ಲ. ಭಾಷಾಂತರದ ಕನ್ನಡವನ್ನು ಅರ್ಥಮಾಡಿಕೊಳ್ಳಲು ಇಂಗ್ಲಿಷ್ ಬರಬೇಕೆಂದರೆ, ಕನ್ನಡ ಮಾಧ್ಯಮದವನಿಗೆ ಕೊಟ್ಟ ಅನುಕೂಲವೇನು ಉಳಿಯಿತು?

ಇರಲಿ. ಕಾಯುವಿಕೆಯ ಮಾತಿಗೆ ಬರುತ್ತೇನೆ. ಉಮೇದುವಾರನ ಕಾಲವನ್ನು ತಿನ್ನುವುದು ಓದಲ್ಲ, ಓದಿನ ನಡುವಿನ ಖಾಲಿ ಜಾಗ. 545 ಮಂದಿ ಸಬ್‌ಇನ್‌ಸ್ಪೆಕ್ಟರುಗಳ ನೇಮಕಾತಿಗೆ 2021ರ ಅಕ್ಟೋಬರ್ 3ರಂದು ಪರೀಕ್ಷೆ ನಡೆದು, ಅಕ್ರಮಗಳು ಬಯಲಾಗಿ, 2022ರ ಏಪ್ರಿಲಿನಲ್ಲಿ ಅದು ರದ್ದಾಗಿ, ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ಪ್ರಾಮಾಣಿಕವಾಗಿ ಬರೆದವನೂ ಆ ಎರಡು ವರ್ಷ ಮೂರು ತಿಂಗಳು ಕಾಯಲೇಬೇಕಾಯಿತು. ಕಾಯುವಿಕೆಗೆ ಯಾವಾಗಲೂ ಇಂಥ ಕೆಟ್ಟ ಕಾರಣವೇ ಇರಬೇಕೆಂದಿಲ್ಲ. ಪರಿಶಿಷ್ಟ ಜಾತಿಗಳಲ್ಲಿ ಒಳಮೀಸಲಾತಿ ಕೊಡಬಹುದೆಂದು ಸುಪ್ರೀಂ ಕೋರ್ಟು 2024ರ ಆಗಸ್ಟ್ 1ರಂದು ತೀರ್ಪಿತ್ತ ಮೇಲೆ, ನಮ್ಮ ಸರ್ಕಾರ ಅದೇ ಅಕ್ಟೋಬರಿನ ಕೊನೆಯಲ್ಲಿ ನ್ಯಾಯಮೂರ್ತಿ ನಾಗಮೋಹನ ದಾಸ್ ಅವರ ಆಯೋಗದ ವರದಿ ಬರುವವರೆಗೆ ಹೊಸ ನೇಮಕಾತಿ ಪ್ರಕಟಣೆ ಹೊರಡಿಸುವುದಿಲ್ಲವೆಂದು ತೀರ್ಮಾನಿಸಿತು. ಮಂತ್ರಿಮಂಡಲ ಒಳಹಂಚಿಕೆಯನ್ನು ಒಪ್ಪಿದ್ದು 2025ರ ಆಗಸ್ಟಿನಲ್ಲಿ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹೋರಾಡಿದವರಿಗೆ ಬರಬೇಕಾದ ನ್ಯಾಯ ಅದು. ಅದಕ್ಕಾಗಿ ತಡೆದದ್ದನ್ನು ತಪ್ಪೆನ್ನಲಾರೆ. ಆದರೆ ಕ್ಯಾಲೆಂಡರಿಗೆ ನ್ಯಾಯ ಅನ್ಯಾಯಗಳ ಭೇದ ತಿಳಿಯದು. 2025ರ ಜೂನ್ 1 ಆ ತಡೆಯ ನಡುವೆಯೇ ಬಂದುಹೋಯಿತು. ದಾಖಲೆಯ ಪ್ರಕಾರ ಅಣ್ಣನಿಗೆ ಅಂದು 38 ತುಂಬಿತು.

ಈ ಜೂನ್ 1 ನಮ್ಮ ಮನೆಗೆ ಹಠಾತ್ತಾಗಿ ಬಂದದ್ದಲ್ಲ. ಅದರ ಹಿಂದೆ ಅತ್ತಿಗೆಯ ಒಂದು ಮಾತಿದೆ.

ಅತ್ತಿಗೆ ಪಟ್ಟಣದ ಗಾರ್ಮೆಂಟ್ಸಿಗೆ ಹೋಗುತ್ತಾರೆ. ಬೆಳಿಗ್ಗೆ ಏಳಕ್ಕೆ ವ್ಯಾನು, ಸಂಜೆ ಏಳಕ್ಕೆ ಮನೆ. ಅಣ್ಣನ ಅತಿಥಿ ಶಿಕ್ಷಕನ ಗೌರವಧನ ಬಂದಾಗ ಬಂತು, ಇಲ್ಲದಾಗ ಇಲ್ಲ. ಮನೆ ನಡೆಯುತ್ತಿದ್ದದ್ದು ಅತ್ತಿಗೆಯ ಸಂಬಳದಲ್ಲಿ ಮತ್ತು ದೊಡ್ಡಪ್ಪನ ಮೂರು ಎಕರೆಯಲ್ಲಿ. ಅವರು ಯಾವತ್ತೂ ಓದನ್ನು ಹಳಿದವರಲ್ಲ. ಅಜ್ಜಿಯೇ ಒಮ್ಮೊಮ್ಮೆ, “ಅದೇನ್ ಪರೀಕ್ಷೇನೋ ಮಗ, ನಿನ್ ಮದ್ವೆಗ್ ಮುಂಚಿಂದ ನಡೀತಾನೇ ಐತೆ” ಎನ್ನುತ್ತಿದ್ದದ್ದು. 2023ರ ಯುಗಾದಿಯ ರಾತ್ರಿ, ಎಲ್ಲರೂ ಊಟ ಮಾಡಿ ಜಗಲಿಯಲ್ಲಿ ಕುಳಿತಿದ್ದಾಗ ಅತ್ತಿಗೆ ಕೇಳಿದರು: “ನೀವು ಓದಿ, ನಾನು ಬೇಡ ಅನ್ನಲ್ಲ. ಎಲ್ಲೀವರ್ಗೆ ಅಂತ ಒಂದು ತಾರೀಖು ಹೇಳ್ಬಿಡಿ. ಅಲ್ಲೀವರ್ಗೂ ನಾನು ಏನೂ ಕೇಳಲ್ಲ.”

ದೊಡ್ಡಪ್ಪ ಎದ್ದು ಕೊಟ್ಟಿಗೆಯ ಕಡೆ ಹೋದರು. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರ್ಕಾರದ ತಾರೀಖೇ ನಂದೂ. ಎರಡು ಸಾವಿರದ ಇಪ್ಪತ್ತೈದು, ಜೂನ್ ಒಂದು” ಎಂದರು. ಅತ್ತಿಗೆ ಮರುಮಾತಾಡದೆ ಎದ್ದು ಒಳಗೆ ಹೋದರು. ಮಾರನೆಯ ದಿನ ನೋಡಿದರೆ ಅಡುಗೆಮನೆಯ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಆ ತಾರೀಖನ್ನು ಬರೆದಿತ್ತು.

ಇದನ್ನು ನಾನು ಬಹಳ ಸಲ ಯೋಚಿಸಿದ್ದೇನೆ. ಸರ್ಕಾರದ ಪ್ರಕಟಣೆ ಯಾವ ವಯಸ್ಸಿನವರೆಗೆ ನೀನು ಕೇಳಬಹುದು ಎಂದು ಹೇಳುತ್ತದೆ, ಯಾವ ವಯಸ್ಸಿನವರೆಗೆ ಕೇಳುತ್ತಿರಬೇಕು ಎಂದು ಹೇಳುವುದಿಲ್ಲ. ಎರಡನ್ನೂ ಒಂದೇ ಎಂದು ತಿಳಿದು ನಮ್ಮಲ್ಲಿ ಎಷ್ಟೋ ಮಂದಿ ಮೂವತ್ತೈದರವರೆಗೆ, ಮೂವತ್ತೆಂಟರವರೆಗೆ, ನಲವತ್ತರವರೆಗೆ ಅದೇ ಕುರ್ಚಿಯಲ್ಲಿ ಕುಳಿತಿರುತ್ತಾರೆ. ಅದಕ್ಕಿಂತ ಮೊದಲಿನ ತಾರೀಖೊಂದನ್ನು ಇಟ್ಟುಕೊಂಡವರು ಕಡಿಮೆ. ಅಣ್ಣನೂ ತನ್ನದೊಂದು ತಾರೀಖನ್ನು ಇಡಲಿಲ್ಲ, ಸರ್ಕಾರದ್ದನ್ನೇ ಎರವಲು ಪಡೆದರು. ಆದರೂ ಅತ್ತಿಗೆ ಕೇಳಿದ್ದರಿಂದ ಅದು ಗೋಡೆಯ ಮೇಲೆ ಬಂತು. ಹೆಣ್ಣುಮಕ್ಕಳ ವಿಷಯವೇ ಬೇರೆ ಎಂಬುದನ್ನೂ ಇಲ್ಲಿ ಹೇಳಬೇಕು. ನಮ್ಮ ತರಗತಿಯ ಹುಡುಗಿಯರಿಗೆ ಸರ್ಕಾರ 35 ಎಂದರೆ ಮನೆಯವರು 24 ಎನ್ನುತ್ತಾರೆ. ಅವರಿಗೆ ತಾರೀಖು ಕೇಳುವ ಹಕ್ಕೂ ಇಲ್ಲ, ಹೇಳುವ ಹಕ್ಕೂ ಇಲ್ಲ. ನಮ್ಮ ಪೈಕಿ ಎಲ್ಲರಿಗಿಂತ ಚೆನ್ನಾಗಿ ಓದುವ ಗೆಳತಿಯೊಬ್ಬಳು, “ಎರಡು ವರ್ಷ ಬಿಟ್ಟರೆ ಸಾಕು, ಮೂರನೆಯದು ಬೇಡವೇ ಬೇಡ” ಎಂದು ತನ್ನ ತಂದೆಯೊಡನೆ ಈಗ ಚೌಕಾಸಿ ನಡೆಸಿದ್ದಾಳೆ. ಅವಳು ಗೆಲ್ಲಲಿ.

ಅಣ್ಣ ಮಾತಿಗೆ ತಪ್ಪಲಿಲ್ಲ. ಜೂನ್ 1ರಂದು ಪುಸ್ತಕಗಳನ್ನೆಲ್ಲ ಟ್ರಂಕಿಗೆ ತುಂಬಿ ನನ್ನ ಕೋಣೆಗೆ ತಂದಿಟ್ಟರು. ಜುಲೈಯಲ್ಲಿ ಹೋಬಳಿಯ ಬಸ್‌ಸ್ಟಾಂಡಿನ ಎದುರು ಜೆರಾಕ್ಸ್ ಅಂಗಡಿ ತೆರೆದರು. ಒಂದು ಜೆರಾಕ್ಸ್ ಯಂತ್ರ, ಒಂದು ಕಂಪ್ಯೂಟರು, ಒಂದು ಬೆಂಚು. ಹೊರಗೆ ಬೋರ್ಡು: ಎಲ್ಲಾ ರೀತಿಯ ಆನ್‌ಲೈನ್ ಅರ್ಜಿಗಳನ್ನು ಹಾಕಿಕೊಡಲಾಗುವುದು.

ರಾಜ್ಯದ ಪ್ರಕಟಣೆಗಳು ನಿಂತಿದ್ದರೂ ಕೇಂದ್ರದವು ನಿಂತಿರಲಿಲ್ಲ. ರೈಲ್ವೆ, ಬ್ಯಾಂಕು, ಸ್ಟಾಫ್ ಸೆಲೆಕ್ಷನ್ ಕಮಿಷನ್ ಎಂದು ಹುಡುಗರು ಬಂದೇ ಬರುತ್ತಿದ್ದರು. ಹದಿನೈದು ವರ್ಷ ಪ್ರಕಟಣೆಗಳನ್ನು ಅಕ್ಷರ ಅಕ್ಷರವಾಗಿ ಓದಿದವನು ಅರ್ಜಿ ತುಂಬಲು ಕುಳಿತರೆ ಹೇಗಿರುತ್ತದೆಂಬುದನ್ನು ನೋಡಬೇಕಾದರೆ ಆ ಅಂಗಡಿಗೆ ಹೋಗಬೇಕು. ಬೇರೆ ಕಡೆ ಹತ್ತು ನಿಮಿಷದಲ್ಲಿ ಮುಗಿಯುವ ಅರ್ಜಿಗೆ ಇಲ್ಲಿ ಮುಕ್ಕಾಲು ಗಂಟೆ. “ಎಸ್.ಎಸ್.ಎಲ್.ಸಿ. ಕಾರ್ಡ್ ತೆಗಿ. ಇದರಲ್ಲಿ ನಿನ್ನ ಹೆಸರಿನ ಮುಂದೆ ಒಂದೇ ಇನಿಷಿಯಲ್ ಐತೆ, ಆಧಾರಲ್ಲಿ ಎರಡು. ಮೊದ್ಲು ಸರಿಮಾಡಿಸ್ಕೊಂಡ್ ಬಾ.” “ಜಾತಿ ಆದಾಯ ಪತ್ರದ ಅವಧಿ ನೋಡಿದ್ಯೇನಪ್ಪ? ಹೋದ ತಿಂಗಳೇ ಮುಗ್ದೋಗೈತೆ. ನಾಡಕಚೇರಿಗೆ ಇವತ್ತೇ ಹೋಗು.” ಪತ್ರ ಕೈಯಲ್ಲಿದ್ದರೆ ಸಾಲದು, ಅದರ ಮೇಲಿನ ತಾರೀಖು ಅರ್ಜಿಯ ಕಡೆಯ ದಿನದೊಳಗೆ ಇರಬೇಕು. ಒಂದು ದಿನ ಆಮೇಲಿನದಾದರೂ ಮೀಸಲಾತಿಯ ಹಕ್ಕು ಹೋಗಿ, ಉಮೇದುವಾರ ಸಾಮಾನ್ಯ ವರ್ಗಕ್ಕೆ ಬೀಳುತ್ತಾನೆ. ಅಲ್ಲಿ ವಯಸ್ಸಿನ ಮಿತಿಯೂ ಬೇರೆ.

ಗ್ರಾಮೀಣ ಅಭ್ಯರ್ಥಿಯ ಪತ್ರ ಮತ್ತು ಕನ್ನಡ ಮಾಧ್ಯಮದ ಪತ್ರ, ಇವೆರಡರ ವಿಷಯದಲ್ಲಿ ಅಣ್ಣ ಬಹಳ ಕಟ್ಟುನಿಟ್ಟು. ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯಲ್ಲಿ ಓದಿದವನಿಗೆ ಒಂದು, ಕನ್ನಡದಲ್ಲಿ ಓದಿದವನಿಗೆ ಇನ್ನೊಂದು. ಓದಿದ ಪ್ರತಿಯೊಂದು ಶಾಲೆಯ ಮುಖ್ಯೋಪಾಧ್ಯಾಯರ ಸಹಿ, ಗ್ರಾಮೀಣ ಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ. ಕೇಳುವುದಕ್ಕೆ ಸುಲಭ. ಆದರೆ ಊರ ಶಾಲೆಯಲ್ಲಿ ಮಕ್ಕಳಿಲ್ಲದೆ ಬಾಗಿಲು ಹಾಕಿದ್ದರೆ? ಅದರ ದಾಖಲೆ ಪುಸ್ತಕ ಪಕ್ಕದ ಊರಿನ ಶಾಲೆಯ ಬೀರುವಿನಲ್ಲಿರುತ್ತದೆ, ಬೀಗದ ಕೈ ತರಬೇತಿಗೆ ಹೋದ ಮೇಷ್ಟ್ರ ಜೇಬಿನಲ್ಲಿರುತ್ತದೆ. ಕಡೆಯ ದಿನ ಸಮೀಪಿಸಿದಾಗ ಓಡಾಡುವುದಕ್ಕಿಂತ, ಪ್ರಕಟಣೆ ಇಲ್ಲದ ಕಾಲದಲ್ಲಿ, ರಜೆಯಲ್ಲಿ, ಈ ಪತ್ರಗಳನ್ನು ಮಾಡಿಸಿಟ್ಟುಕೊಳ್ಳಿ ಎಂದು ಈ ಪತ್ರಿಕೆಯ ಮೂಲಕ ಹೇಳುವಂತೆ ಅಣ್ಣನೇ ನನಗೆ ತಿಳಿಸಿದ್ದಾರೆ. ಹೇಳಿದ್ದೇನೆ.

ಇದರಿಂದ ಅಂಗಡಿಗೆ ಹೆಸರು ಬಂತು. ಮೂರು ಊರಾಚೆಯ ಹುಡುಗಿಯರು ಬಸ್ಸು ಹತ್ತಿ ಬರತೊಡಗಿದರು. ಅತಿಥಿ ಶಿಕ್ಷಕನ ಗೌರವಧನಕ್ಕಿಂತ ಹೆಚ್ಚು ಹಣ ಮೊದಲ ಬಾರಿಗೆ ಅಣ್ಣನ ಕೈಗೆ ತಿಂಗಳಿಗೆ ತಿಂಗಳಿಗೆ ಬಂತು. ಅತ್ತಿಗೆ ಸೀಮೆಸುಣ್ಣದ ಬರೆಹವನ್ನು ಒರೆಸಿ ಆ ಜಾಗದಲ್ಲಿ ಪಂಚಾಂಗ ತೂಗುಹಾಕಿದರು.

ಆಗ ಸೆಪ್ಟೆಂಬರಿನಲ್ಲಿ ಸರ್ಕಾರ, ನೇಮಕಾತಿಗಳು ತಡವಾದ ಕಾರಣ, ಗರಿಷ್ಠ ವಯೋಮಿತಿಯಲ್ಲಿ ಒಂದು ಬಾರಿಯ ಸಡಿಲಿಕೆ ಕೊಡುವುದಾಗಿ ಆದೇಶ ಹೊರಡಿಸಿತು. ಅಣ್ಣ ಮತ್ತೆ ಅರ್ಹರಾದರು!

ಅಂಗಡಿಯಲ್ಲಿ ಆ ದಿನ ಹುಡುಗರು ಕುಣಿದರಂತೆ. ಮೂವತ್ತಾರರವನೊಬ್ಬ ಸಿಹಿ ತಂದು ಹಂಚಿದನಂತೆ. ಮನೆಯಲ್ಲಿ ಮಾತ್ರ ಯಾರೂ ಮಾತೆತ್ತಲಿಲ್ಲ. ನ್ಯಾಯವಾಗಿ ನೋಡಿದರೆ ಸರ್ಕಾರ ತಾನು ತಡಮಾಡಿದ ಕಾಲವನ್ನು ಹಿಂದಕ್ಕೆ ಕೊಟ್ಟಿತು, ಅಷ್ಟೆ. ಮಹಾಲಯ ಅಮಾವಾಸ್ಯೆಯ ಆ ನಾಲ್ಕು ತಿಂಗಳೂ ಅದರಲ್ಲಿ ಬಂದವೆಂದು ಅಜ್ಜಿಯ ಸಂತೋಷ. ಆದರೆ ಮುಚ್ಚಿದ ಟ್ರಂಕನ್ನು ತೆರೆಯಿರಿ ಎಂದು ಹೇಳುವುದು ದಯೆಯೋ, ಇನ್ನೊಮ್ಮೆ ಬಾಗಿಲ ಮುಂದೆ ನಿಲ್ಲಿಸುವುದೋ ನನಗೆ ತಿಳಿಯದು. ಸಿಹಿ ಹಂಚಿದವನಿಗೆ ಅದು ದಯೆಯೇ ಇದ್ದೀತು.

ನಾಲ್ಕು ದಿನ ಕಳೆದು ಅಣ್ಣ ರಾತ್ರಿ ನನ್ನ ಕೋಣೆಗೆ ಬಂದರು. ನಾನು ಅವರದೇ ಭೂಗೋಳದ ಪುಸ್ತಕ ಓದುತ್ತಿದ್ದೆ. ಅಂಚಿನಲ್ಲೆಲ್ಲ ಅವರ ಪೆನ್ಸಿಲಿನ ಬರೆಹ. ಹಿಂದೆಯೇ ಅತ್ತಿಗೆ ಬಂದು ಬಾಗಿಲಲ್ಲಿ ನಿಂತರು.

“ಅರ್ಜಿ ಹಾಕ್ತೀರಾ?” ಎಂದು ಅವರೇ ಕೇಳಿದರು.

“ಹಾಕ್ತೀನಿ. ಅಂಗಡಿ ಮುಚ್ಚಲ್ಲ. ರಾತ್ರಿ ಒಂಬತ್ತರ ಮೇಲೆ ಎಷ್ಟಾಗುತ್ತೋ ಅಷ್ಟು.”

“ಎಲ್ಲೀವರ್ಗೆ?”

“ಒಂದೇ ಸಲ. ಇದು ಸರ್ಕಾರದ ತಾರೀಖಲ್ಲ, ನಂದು.”

ಅತ್ತಿಗೆ ತಲೆಯಾಡಿಸಿ ನನ್ನ ಕಡೆ ತಿರುಗಿದರು. “ನಿಂದು ಎಲ್ಲೀವರ್ಗೆ ಕಣಪ್ಪ?”

ನಾನು ಎರಡು ವರ್ಷ ಎಂದೆ. ಮೂರನೆಯ ವರ್ಷದ ಜೂನ್ ತಿಂಗಳಿಗೆ ಏನು ಮಾಡುವೆ ಎಂದು ಕೇಳಿದರು, ಬಿ.ಎಡ್. ಎಂದೆ, ಅದಕ್ಕೂ ಈಗಲೇ ವಿಚಾರಿಸಿಟ್ಟಿದ್ದೇನೆ ಎಂದೆ. ಅಣ್ಣ ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು ಪುಟ ತಿರುಗಿಸಿ, “ಈ ನದಿಗಳ ಪಾಠ ನಾನು ತಪ್ಪು ಗುರುತು ಹಾಕಿದೀನಿ, ಹೇಮಾವತಿಯನ್ನ ಎಡದಂಡೆಯ ಉಪನದಿ ಅಂತ ಇಟ್ಕೋ” ಎಂದು ತಿದ್ದಿ, ಒಂಬತ್ತೂವರೆಯಿಂದ ಹತ್ತೂವರೆಯವರೆಗೆ ಪುಸ್ತಕ ಅವರಿಗೆ, ಆಮೇಲೆ ನನಗೆ ಎಂದು ಸರದಿ ಗೊತ್ತುಮಾಡಿ, ಲೆಕ್ಕದ ಪುಸ್ತಕವನ್ನು ನನ್ನ ಮುಂದಕ್ಕೆ ತಳ್ಳಿದರು.